ಮಾಲಿಂಗಪ್ಪ ನೋಡದ ಪೇಟೆ

ಮೂಡಲಗಿಯ ಧರಣೇಂದ್ರನ ಬೀಜದಂಗಡಿಯಲ್ಲಿ ಗೋವಿನಜೋಳ, ಸೂರ್ಯಕಾಂತಿ, ಬದನೆ, ಮೆಣಸಿನಕಾಯಿ ಎಲ್ಲದರ ಬೀಜವೂ ಸಿಗುತ್ತಿತ್ತು, ಹುಳಕ್ಕೆ ಹೊಡೆಯುವ ಎಣ್ಣೆ ಮಾತ್ರ ಸಿಗುತ್ತಿರಲಿಲ್ಲ. ಜೈನರ ಅಂಗಡಿಯಲ್ಲಿ ವಿಷ ಮಾರುವುದುಂಟೆ? ಬೆಳೆಗೆ ಹುಳ ಬಿದ್ದಿದೆ ಎಂದು ಬಂದವರಿಗೆ ಅವನು, "ಬಾಜೂ ರಾಜಪ್ಪನ ಅಂಗಡಿಗೆ ಹೋಗ್ರಿ" ಎಂದು ದಾರಿ ತೋರಿಸುತ್ತಿದ್ದ. ಯಾವ ಹುಳಕ್ಕೆ ಯಾವ ಎಣ್ಣೆ ಕೇಳಬೇಕೆಂಬುದನ್ನೂ ಹೇಳಿ ಕಳಿಸುತ್ತಿದ್ದ. ತನಗೆ ಪಾಪ ತಟ್ಟಬಾರದು, ಗಿರಾಕಿಯ ಬೆಳೆಯೂ ಹಾಳಾಗಬಾರದು. ಇದರಲ್ಲಿ ಏನೋ ಎಡವಟ್ಟಿದೆ ಎಂಬುದು ಅವನ ತಲೆಗೆ ಎಂದೂ ಬಂದಿರಲಿಲ್ಲ. ಮನುಷ್ಯ ಒಳ್ಳೆಯವನು, ಯೋಚನೆ ಸ್ವಲ್ಪ ನಿಧಾನ, ಅಷ್ಟೆ.

ಎರಡು ಸಾವಿರದ ಇಸವಿಯಲ್ಲಿ ಬಿಲ್ಲು ಮಾಡಲೆಂದು ಅವನು ಕಂಪ್ಯೂಟರ್ ತಂದ. ಬೆಳಗಾವಿಯ ಅಂಗಡಿಯವನು ಜೊತೆಗೆ ಒಂದು ಆಟದ ಸಿಡಿ ಹಾಕಿಕೊಟ್ಟಿದ್ದ. ಅಂದಿನಿಂದ ಬಿಲ್ಲನ್ನು ಕೈಯಲ್ಲೇ ಬರೆದ, ಕಂಪ್ಯೂಟರಿನಲ್ಲಿ ಆಟ ಆಡಿದ. ಅದೊಂದು ಕಟ್ಟುಕತೆಯ ರಾಜ್ಯ. ನಮ್ಮ ವೀರನಿಗೆ ನಾವೇ ಹೆಸರಿಟ್ಟು, ಊರೂರು ತಿರುಗಿಸಿ, ಜನರ ಜೊತೆ ಮಾತಾಡಿಸಿ, ಕಳೆದುಹೋದ ರಾಜಕುಮಾರಿಯನ್ನು ಹುಡುಕಿಸಬೇಕು. ಧರಣೇಂದ್ರ ತೀರ್ಥಂಕರರ ಹೆಸರನ್ನೇ ಆರಿಸಿ ವೀರನಿಗೆ ಅಭಿನಂದನ ಎಂದಿಟ್ಟ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಊರ ಬಾಗಿಲು ದಾಟಿದ ಮೇಲೆ ಒಂದು ತೋಳ ಮೈಮೇಲೆ ಬಂತು. ಕತ್ತಿ ಬೀಸಲು ಮೌಸ್ ಒತ್ತಿದರೆ ಸಾಕು. ಒತ್ತಲು ಬೆರಳು ಬರಲಿಲ್ಲ. ಬರೀ ಚಿತ್ರ ಎಂಬುದು ಗೊತ್ತಿದ್ದರೂ ಬರಲಿಲ್ಲ.

ಆಗ ನೆನಪಾದವನು ಮೇಲವಂಕಿಯ ಮಾಲಿಂಗಪ್ಪ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಮಾಲಿಂಗಪ್ಪ ಕುರುಬರ ಮನೆಯವನು, ಕುರಿ ಹಿಂಡೂ ಇತ್ತು, ಕಬ್ಬೂ ಇತ್ತು. ಸೋಮವಾರ ಎತ್ತುಗಳಿಗೆ ನೊಗ ಹೂಡುವ ಹಾಗಿಲ್ಲ, ಅಂದೇ ಧರಣೇಂದ್ರನ ಅಂಗಡಿಗೂ ರಜೆ. ಹೀಗಾಗಿ ಸೋಮವಾರ ಮಧ್ಯಾಹ್ನ ಮಾಲಿಂಗಪ್ಪ ಬರುವುದು, ತೋಳ, ರಾಕ್ಷಸ, ಕೊಳ್ಳಿದೆವ್ವ ಎಲ್ಲವನ್ನೂ ಕೆಡವಿ ಚಹಾ ಕುಡಿದು ಹೋಗುವುದು ರೂಢಿಯಾಯಿತು. ಗುಹೆ ಖಾಲಿಯಾದ ಮೇಲೆ ಮುಂದಿನ ಊರನ್ನು ಧರಣೇಂದ್ರ ವಾರವಿಡೀ ಒಬ್ಬನೇ ಕೂತು ತಿರುಗಾಡುತ್ತಿದ್ದ.

"ಹೆಸರು ನಿಮ್ದು, ಹೊಡತ ನಮ್ದು" ಎಂದು ಮಾಲಿಂಗಪ್ಪ ನಗುತ್ತಿದ್ದ. ಧರಣೇಂದ್ರನಿಗೆ ಸೋಮವಾರ ಬಂದರೆ ಹಬ್ಬ.

ಹೀಗೆ ಕೊನೆಯ ಮಹಾರಾಕ್ಷಸನೂ ಉರುಳಿ, ರಾಜಕುಮಾರಿ ಸಿಕ್ಕು, ಆಟ ಮುಗಿದ ದಿನ ಇಬ್ಬರೂ ಎದ್ದು ಕುಣಿದಾಡಿದರು. ಗದ್ದಲ ಕೇಳಿ ಧರಣೇಂದ್ರನ ತಾಯಿ ಕಮಲಾಬಾಯಿ ಚಹಾ ಹಿಡಿದು ಬಂದಳು.

"ಯಾವಾಗ್ಲೂ ಹೊಡಿಯೋದು ಇವನ ಯಾಕ? ನಿನಗ ಬರೂದಿಲ್ಲೇನು?" ಎಂದು ಮಗನನ್ನು ಕೇಳಿದಳು.

"ಕೊಲ್ಲೋದು ನಮಗ ಪಾಪ ಅಲ್ಲೇನವ್ವಾ? ಅದಕ್ಕ ಮಾಲಿಂಗನ್ನ ಕರಸ್ತೇನಿ."

ಹೇಳಿದವನಿಗೆ ಅದು ತೀರಾ ಸಾದಾ ಮಾತು. ಕಮಲಾಬಾಯಿ ಕಪ್ಪುಬಸಿ ಕೆಳಗಿಟ್ಟಳು. "ಮಾಡಿದ್ರೂ ಪಾಪ, ಮಾಡಿಸಿದ್ರೂ ಪಾಪ, ಬಾಜೂ ಕುಂತು ಭೇಷ್ ಅಂದ್ರೂ ಪಾಪ. ಬಸದಿಯೊಳಗ ಮುನಿ ಮಹಾರಾಜರು ಹೇಳೂ ಮುಂದ ನಿದ್ದಿ ಹೊಡದಿದ್ದೇನು? ನಿನ್ನ ಪಾಪ ಇವನ ತಲಿಗೆ ಕಟ್ಟಾಕ ಕರಸ್ತಿದ್ದೀ?"

ಮಾಲಿಂಗಪ್ಪ ನಕ್ಕ. ಚಹಾ ಪೂರ್ತಿ ಕುಡಿದ. "ಬರ್ತೇನ್ರಿ ಬಾಯಾರ" ಎಂದು ತಲೆಗೆ ಪಟಕಾ ಸುತ್ತಿಕೊಂಡು ಹೊರಟ. ಮುಂದಿನ ಸೋಮವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಕಬ್ಬಿಗೆ ನೀರು ಹಾಯಿಸುವುದಿದೆ ಎಂದು ಹೇಳಿಕಳಿಸಿದ. ಮಳೆಗಾಲದಲ್ಲೂ ಅದನ್ನೇ ಹೇಳಿಕಳಿಸಿದ. ಬೀಜವನ್ನು ಘೋಡಗೇರಿಯ ಬೀಗರಿಂದ ತರಿಸಿಕೊಳ್ಳತೊಡಗಿದ. ಧರಣೇಂದ್ರನಿಗೆ ಆಗ ಗೊತ್ತಾಯಿತು, ತನ್ನ ಗೆಳೆಯ ಕೈಬಿಟ್ಟುಹೋಗುತ್ತಿದ್ದಾನೆ ಎಂದು.

ಮೂರನೆಯ ವರ್ಷ ಆಟದ ಎರಡನೇ ಭಾಗ ಬಂತು. ಧರಣೇಂದ್ರ ಬೆಳಗಾವಿಯಿಂದ ಅದನ್ನು ಎದೆಗವಚಿಕೊಂಡು ತಂದ. ಶುರುವಿನಲ್ಲೇ ಅದು, ಹಳೆಯ ವೀರನನ್ನು ಕರೆತರುತ್ತೀಯಾ ಎಂದು ಕೇಳಿತು. ಕರೆತಂದ. ಅಭಿನಂದನ ಹೊಸ ಊರಿನ ಬಾಗಿಲಿಗೆ ಕಾಲಿಟ್ಟನೋ ಇಲ್ಲವೋ, ಕಾವಲುಗಾರ ಎದ್ದು ನಿಂತು ನಮಸ್ಕರಿಸಿದ: ಮಹಾರಾಕ್ಷಸನನ್ನು ಕೆಡವಿದ ಧೀರ ಬಂದ! ನೀರು ಸೇದುವ ಹೆಂಗಸೂ ಅದನ್ನೇ ಹೇಳಿದಳು, ಕಮ್ಮಾರನೂ ಅದನ್ನೇ ಹೇಳಿದ. ಇಡೀ ಊರು ಆ ಹಳೆಯ ಹೊಡೆತಗಳನ್ನು ನೆನಪಿಟ್ಟುಕೊಂಡಿತ್ತು. ಅದರಲ್ಲಿ ತನ್ನದು ಒಂದಾದರೂ ಇದೆಯೇ ಎಂದು ಧರಣೇಂದ್ರ ನೋಡಿದ. ಒಂದೂ ಇರಲಿಲ್ಲ. ಇನ್ನೊಬ್ಬರ ಮದುವೆಯಲ್ಲಿ ತಪ್ಪಿ ತನ್ನ ಕೊರಳಿಗೆ ಬಿದ್ದ ಹಾರದ ಹಾಗೆ ಮುಜುಗರವಾಯಿತು. ಕಂಪ್ಯೂಟರ್ ಆರಿಸಿ ಎದ್ದ.

ಅದು ಭಾದ್ರಪದ. ಹತ್ತು ದಿನದ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಅಂದು ಜೈನರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಧರಣೇಂದ್ರ ಪ್ರತಿವರ್ಷ ಓಣಿಯ ಎಲ್ಲ ಮನೆಗೂ ಹೋಗುತ್ತಿದ್ದ, ಎಂದೂ ಜಗಳವಾಡದವರ ಮುಂದೆ ಕೈಮುಗಿದು ಬಾಳೆಹಣ್ಣು ತಿಂದು ಬರುತ್ತಿದ್ದ. ಈ ಸಲ ಓಣಿ ಬಿಟ್ಟು, ಬಿಳಿ ಅಂಗಿ ಧೋತರದಲ್ಲೇ ಸ್ಕೂಟರ್ ಹತ್ತಿ ನೇರ ಮೇಲವಂಕಿಗೆ ಹೋದ.

ಮಾಲಿಂಗಪ್ಪ ಹಟ್ಟಿಯ ಮುಂದೆ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಅವನ ಹೆಂಡತಿ ಶೆಟ್ಟೆವ್ವ, "ಬರ್ರಿ ಅಣ್ಣಾರ" ಎಂದು ನೀರು ತರಲು ಒಳಗೆ ಹೋದಳು. ಮಾಲಿಂಗಪ್ಪ ತಲೆ ಎತ್ತಲಿಲ್ಲ.

"ಬಂದೀ? ಇದನ್ನ ಗಟ್ಟಿ ಹಿಡಕೋ, ಒದಿತೈತಿ."

ಧರಣೇಂದ್ರ ಕೂತು ಕುರಿಯನ್ನು ಹಿಡಿದ. ಕೈಮುಗಿಯಲು ಕೈಗಳಿಗೇ ಬಿಡುವಿರಲಿಲ್ಲ. ಕುರಿಯ ಬೆನ್ನಿನ ಮೇಲೇ ಮಾತು ಆಡಿದ. "ತಪ್ಪಾತು ಮಾಲಿಂಗಾ. ನನ್ನ ಪಾಪ ನಿನಗ ಹಚ್ಚಿದೆ. ಇವತ್ತ ಕ್ಷಮಾ ಕೇಳೂ ದಿನ."

ಕತ್ತರಿ ನಿಂತಿತು. "ಪಾಪದ ಮಾತು ಬಿಡಲೇ. ದ್ಯಾವರ ಮುಂದ ಕುರಿ ಕಡಿಯೋ ಮಂದಿ ನಾವು, ಚಿತ್ರದಾಗಿನ ತೋಳಕ್ಕ ಅಂಜತೀವೇನು? ಅದಲ್ಲ ನನ್ನ ಸಿಟ್ಟು."

"ಮತ್ತೇನು?"

"ಬಾಯಾರು ಅಂದ ಮ್ಯಾಲ ಹೊಳೀತು ನನಗ. ಆಟದಾಗ ಊರು ಬಂತು ಅಂದ ಕೂಡ್ಲೇ ಚಹಾ ಕುಡಿಸಿ ಕಳಸ್ತಿದ್ದಿ. ಗುಹೆ ತೋರಿಸಿದಿ, ಸುಡಗಾಡ ತೋರಿಸಿದಿ. ನೀ ಮಾತ್ರ ಆ ಊರಾಗೆಲ್ಲಾ ತಿರಗ್ಯಾಡಿದಿ." ಅವನು ಕತ್ತರಿಯನ್ನು ತೊಡೆಗೆ ಒರೆಸಿಕೊಂಡ. "ಅಲ್ಲಿ ಪ್ಯಾಟಿ ಇತ್ತೇನು, ಧರಣಾ?"

ಪೇಟೆ ಇತ್ತು. ಬಣ್ಣದ ಛತ್ರಿಗಳ ಕೆಳಗೆ ಹಣ್ಣು ಮಾರುವವರಿದ್ದರು, ಕೊಳಲೂದುವ ಮುದುಕನಿದ್ದ, ದೀಪ ತೇಲಿಬಿಡುವ ಹೊಳೆ ಇತ್ತು. ಮಾಲಿಂಗಪ್ಪ ಅಷ್ಟು ಸೋಮವಾರ ಬಂದು ಇದರಲ್ಲಿ ಒಂದನ್ನೂ ನೋಡಿರಲಿಲ್ಲ. ತೋರಿಸಬೇಕೆಂದು ಧರಣೇಂದ್ರನಿಗೆ ಅನಿಸಿರಲೂ ಇಲ್ಲ. ಅವನು ನಾಚಿಕೆಯಿಂದ ಅತ್ತೇ ಬಿಟ್ಟ, ಕೈ ಸಡಿಲಾಯಿತು, ಅರ್ಧ ಉಣ್ಣೆ ಹೊತ್ತ ಕುರಿ ಅವನ ಬಿಳಿ ಧೋತರ ತುಳಿದು ಓಡಿತು. ಅದನ್ನು ಹಿಡಿಯಲು ಇಬ್ಬರೂ ಹಟ್ಟಿಯ ಸುತ್ತ ಓಡಿದರು. ನೀರು ತಂದ ಶೆಟ್ಟೆವ್ವ ಚೆಂಬು ಹಿಡಿದು ನಿಂತು ನಗತೊಡಗಿದಳು.

ಸೋಮವಾರ ಮಾಲಿಂಗಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ, ಪೇಟೆಗೆ ಹೊರಟವನಂತೆ. ಮೌಸ್ ಅವನ ಕೈಗೆ ಬಂತು. ಧರಣೇಂದ್ರ ಬಾಜೂ ಕೂತು ಇಂಗ್ಲಿಷನ್ನು ಕನ್ನಡ ಮಾಡಿ ಓದಿದ. ಕಾವಲುಗಾರ ನಮಸ್ಕರಿಸಿದ್ದನ್ನೂ ಓದಿದ, ನೀರಿನ ಹೆಂಗಸಿನ ಹೊಗಳಿಕೆಯನ್ನೂ ಓದಿದ.

"ನನಗ ಹೇಳಿದ್ರೇನು?" ಎಂದು ಮಾಲಿಂಗಪ್ಪ ಮೀಸೆ ಸವರಿಕೊಂಡ.

"ಮತ್ಯಾರಿಗೆ?"

ಆಮೇಲೆ ಪೇಟೆ. ಮಾಲಿಂಗಪ್ಪ ದೊಡ್ಡ ಬೀದಿಯ ಯಾವ ಅಂಗಡಿಯನ್ನೂ ಬಿಡಲಿಲ್ಲ. ಕಂಬಳಿ ಮಾರುವವನ ಮುಂದೆ ಬಹಳ ಹೊತ್ತು ನಿಂತು, ನೇಯ್ಗೆ ಸಡಿಲಾಗಿದೆ ಎಂದ. ಕುದುರೆಯ ಬಾಯಿ ತೆರೆದು ಹಲ್ಲು ನೋಡಲು ಆಟದಲ್ಲಿ ಬರುವುದಿಲ್ಲವೆಂದು ತಿಳಿದು ಬೇಸರಪಟ್ಟ. ಕಮಲಾಬಾಯಿಯೂ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು, ಅವಳಿಗೆ ದಾಟಿಬಂದ ಹೂವಿನ ಅಂಗಡಿ ಮತ್ತೊಮ್ಮೆ ನೋಡಬೇಕಿತ್ತು. ಧರಣೇಂದ್ರ ಅದೇ ಬೀದಿಯನ್ನು ಆಗಲೇ ನೋಡಿದ್ದ. ಇವತ್ತು ಅದು ಹೆಚ್ಚು ಚಂದ ಕಂಡಿತು.

ಬಿಸಿಲು ಇಳಿಯುವ ಹೊತ್ತಿಗೆ ಊರು ದಾಟಿದರು. ದಾಟಿದ ಕೂಡಲೇ ಒಂದು ತೋಳ. ಮಾಲಿಂಗಪ್ಪ ಮೌಸಿನಿಂದ ಕೈ ತೆಗೆದು ಚಹಾದ ಕಪ್ಪು ಎತ್ತಿಕೊಂಡ.

"ಈಗ ನಿನ್ನ ಪಾಳಿ."

"ನನ್ನ ಕೈಲೆ ಆಗೂದಿಲ್ಲೋ!"

"ಓಡಾಕರ ಬರತೈತಿಲ್ಲೋ?"

ಧರಣೇಂದ್ರ ಓಡಿಸಿದ. ಮಹಾರಾಕ್ಷಸನನ್ನು ಕೆಡವಿದ ಅಭಿನಂದನ ಒಂದು ಬಡಕಲು ತೋಳಕ್ಕೆ ಹೆದರಿ, ಕತ್ತಿ ಗುರಾಣಿ ಗಲಗಲ ಅನ್ನಿಸುತ್ತ, ಗದ್ದೆ ದಾಟಿ ಹಳ್ಳ ದಾಟಿ ಓಡಿದ. ಕಮಲಾಬಾಯಿ ಹಿಂದಿನಿಂದ, "ಓಡಪಾ ಓಡು!" ಎಂದು ಕೂಗಿದಳು. ಊರ ಬಾಗಿಲು ಮುಚ್ಚಿಕೊಂಡಿತು. ತೋಳ ಹೊರಗುಳಿಯಿತು. ಧರಣೇಂದ್ರನಿಗೆ ಏದುಸಿರು ಬಂದಿತ್ತು.

"ಮತ್ತ ಇಲ್ಲಿಗೇ ಬಂದ್ವಲ್ಲೋ" ಎಂದ.

"ಛಲೋನ ಆತು" ಎಂದು ಮಾಲಿಂಗಪ್ಪ ಮೌಸ್ ಎಳೆದುಕೊಂಡ. "ಗಡಿಗಿ ಮಾರೂ ಓಣಿ ನೋಡೋದು ಉಳದಿತ್ತು."