ಆರು ಗಂಟೆಯಕ್ಕನ ಫೋನು

ಬೆಳಿಗ್ಗೆ ಆರಕ್ಕೆ ಸರಿಯಾಗಿ ಅವಳ ಫೋನು ಬರದಿದ್ದರೆ ಊರಿನ ಆರು ಮನೆಗಳಲ್ಲಿ ಬೆಳಗೇ ಆಗುತ್ತಿರಲಿಲ್ಲ. ಅದಕ್ಕೇ ಅವಳಿಗೆ ಆರು ಗಂಟೆಯಕ್ಕ ಎಂಬ ಹೆಸರು ಬಿದ್ದದ್ದು. ಸೋಪು, ಶಾಂಪೂ, ಕೀಲುನೋವಿನ ಎಣ್ಣೆ ಮಾರುವ ಒಂದು ಕಂಪನಿಯಲ್ಲಿ ಅವಳಿದ್ದಳು. ಆ ಕಂಪನಿಗೆ ಅಂಗಡಿಯೂ ಇಲ್ಲ, ಬೋರ್ಡೂ ಇಲ್ಲ. ಒಬ್ಬರು ಇನ್ನೊಬ್ಬರನ್ನು ಸೇರಿಸಬೇಕು, ಸೇರಿದವರು ಮತ್ತೊಬ್ಬರನ್ನು. ಅಕ್ಕನ ಕೈಕೆಳಗೆ ಆರು ಜನ. ಅವರನ್ನು ಹುರಿದುಂಬಿಸುವುದು, ಸೋತು ಕೂತವರನ್ನು ಎಬ್ಬಿಸುವುದು, ಅತ್ತರೆ ಸಮಾಧಾನ ಹೇಳುವುದು, ಇದೇ ಅವಳ ಉದ್ಯೋಗ.

ಬಸ್ಸು ಓಡಿಸುವ ಗಂಡ ಮೊದಲ ಪಾಳಿಗೆ ಹೊರಡುತ್ತಾ ದಿನಾ ಛೇಡಿಸುತ್ತಿದ್ದ. "ಸೂರ್ಯನಿಗೂ ನೀನೇ ಫೋನ್ ಮಾಡಿ ಎಬ್ಬಿಸ್ತೀಯೇನೇ?"

"ಅವನು ನನ್ನ ಟೀಮಲ್ಲಿಲ್ಲ. ಇದ್ದಿದ್ರೆ ಇನ್ನೂ ಬೇಗ ಏಳ್ತಿದ್ದ" ಎನ್ನುತ್ತಿದ್ದಳು ಅಕ್ಕ.

ನಗುವವರು ನಗಲಿ ಬಿಡಿ. ಆ ಫೋನಿನ ಬೆಲೆ ಏನೆಂದು ಅವಳಿಗೆ ಗೊತ್ತಿತ್ತು. ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ಶರ್ಟಿನ ಕಾಲರ್ ಹೊಲಿದು, ಸೊಂಟ ಬಿದ್ದುಹೋಗಿ ಹಾಸಿಗೆ ಹಿಡಿದಾಗ, ಪಕ್ಕದ ಮೆಷಿನ್ನಿನವರು ಸಹ ಇತ್ತ ತಲೆ ಹಾಕಲಿಲ್ಲ. ಆಗ ದಿನಾ ಬೆಳಿಗ್ಗೆ ವಿಚಾರಿಸಿದವಳು ಅವಳನ್ನು ಈ ಕಂಪನಿಗೆ ಸೇರಿಸಿದ ಮೇಡಂ ಒಬ್ಬಳೇ. "ಎದ್ರಾ? ಕನ್ನಡಿ ಮುಂದೆ ನಿಂತು ಒಂದ್ಸಲ ನಕ್ರಾ?" ಎಂದು ಕೇಳುವಳು. ಮಾತ್ರೆಗೆ ಬಗ್ಗದ ಸೊಂಟ ಆ ಮಾತಿಗೆ ಬಗ್ಗಿತು ಎಂದೇ ಅಕ್ಕ ಇವತ್ತಿಗೂ ಹೇಳುತ್ತಾಳೆ.

ಮೇಡಂ ಅವಳಿಗೆ ಎರಡು ಪಾಠ ಕಲಿಸಿದ್ದಳು. ಒಂದು, ಕನಸಿನ ಚೀಟಿ. ಸೇರಿದ ದಿನವೇ ಪ್ರತಿಯೊಬ್ಬರೂ ತಮ್ಮ ದೊಡ್ಡ ಆಸೆಯನ್ನು ಕೈಯಾರೆ ಬರೆದು ಕೊಡಬೇಕು. ಅವರು ಕುಗ್ಗಿದಾಗ ಅದನ್ನೇ ತೆಗೆದು ಓದಿ ಹೇಳಬೇಕು. ಇನ್ನೊಂದು, ಟೀಮು ಬಿಟ್ಟವರ ನಂಬರನ್ನು ಅವತ್ತೇ ಅಳಿಸಬೇಕು. "ಬಿಟ್ಟೋದವರ ಜೊತೆ ಮಾತಾಡ್ತಾ ಕೂತ್ರೆ ಅವರ ಸೋಲು ನಮಗೂ ಅಂಟುತ್ತೆ" ಎಂಬುದು ಮೇಡಂ ಮಾತು. ಅಕ್ಕ ಎರಡನ್ನೂ ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಬೀರುವಿನ ಬಾಗಿಲ ಒಳಮೈಗೆ ಆರು ಚೀಟಿ ಅಂಟಿಸಿದ್ದಳು. ಅಳಿಸಿದ ನಂಬರುಗಳ ಲೆಕ್ಕವನ್ನು ಅವಳು ಇಟ್ಟಿರಲಿಲ್ಲ.

ಆರರಲ್ಲಿ ಒಂದು ಚೀಟಿ ಬಟನ್‌ದು. ಅದೇ ಗಾರ್ಮೆಂಟ್ಸ್‌ನಲ್ಲಿ ಶರ್ಟಿಗೆ ಬಟನ್ ಹಾಕುತ್ತಿದ್ದವಳು, ಹಾಗಾಗಿ ಆ ಹೆಸರು. ಮೂವತ್ತು ದಾಟಿತ್ತು, ಮದುವೆಯಿಲ್ಲ, ಮನೆಯಲ್ಲಿ ಅಮ್ಮ ಮತ್ತು ಅವಳು, ಇಬ್ಬರೇ. "ಅಮ್ಮನ ಕಣ್ಣಿನ ಪೊರೆ ತೆಗೆಸಬೇಕು. ಅಮ್ಮ ನನ್ನ ಮುಖ ಸರಿಯಾಗಿ ನೋಡಬೇಕು" ಎಂದು ದುಂಡಗೆ ಬರೆದುಕೊಟ್ಟಿದ್ದಳು. ಮೊದಲ ಸಲ ಓದಿದಾಗ ಅಕ್ಕನ ಕಣ್ಣೇ ತುಂಬಿ ಬಂದಿತ್ತು.

ಆ ತಿಂಗಳ ಕೊನೆಯವರೆಗೆ ಆರು ಜನರೂ ಟೀಮಿನಲ್ಲಿ ಉಳಿದರೆ ಅಕ್ಕನಿಗೆ ಲೀಡರ್ ಪಿನ್ನು ಸಿಗುವುದಿತ್ತು. ತುಂಬಿದ ಸಭೆಯಲ್ಲಿ, ವೇದಿಕೆಯ ಮೇಲೆ, ಮೇಡಂ ತನ್ನ ಕೈಯಿಂದ ಚುಚ್ಚುವ ಪಿನ್ನು. ನಾಲ್ಕು ವರ್ಷ ಅದಕ್ಕಾಗಿ ಹಾತೊರೆದಿದ್ದಳು. ಪಿನ್ನು ಎದ್ದು ಕಾಣಲೆಂದು ಕಡುನೀಲಿ ಉಡುಪೊಂದನ್ನು ತಾನೇ ಹೊಲಿದು ಇಸ್ತ್ರಿ ಮಾಡಿ ಇಟ್ಟಿದ್ದಳು. ಇನ್ನು ಎಂಟೇ ದಿನ ಬಾಕಿ.

ಬಟನ್ ಮಾತ್ರ ಯಾಕೋ ಮಂಕಾಗಿದ್ದಳು. ಆರ್ಡರಿಲ್ಲ, ಮೀಟಿಂಗಿಗೆ ಬರುವುದಿಲ್ಲ, ಫೋನಿನಲ್ಲಿ ಎಲ್ಲದಕ್ಕೂ "ಹೂಂ" ಅಷ್ಟೇ. ಅವತ್ತು ಅಕ್ಕ ಬೀರು ತೆಗೆದು ಚೀಟಿ ಕಿತ್ತು, ಸಭೆಯಲ್ಲಿ ಮಾತಾಡುವ ದನಿಯಲ್ಲಿ ಓದಿದಳು. "ಅಮ್ಮನ ಕಣ್ಣಿನ ಪೊರೆ ತೆಗೆಸಬೇಕು! ನೀನೇ ಬರೆದಿದ್ದು, ನೆನಪಿದೆಯಾ? ಅಮ್ಮನ ಮುಖ ನೆನೆಸ್ಕೊ. ಏಳು."

ಆ ಕಡೆಯಿಂದ ಸಣ್ಣ ದನಿ ಬಂತು. "ಅಕ್ಕ, ಅಮ್ಮ ಹೋಗಿ ಒಂಬತ್ತು ದಿನ ಆಯ್ತು. ಅವತ್ತೇ ಮೆಸೇಜ್ ಹಾಕಿದ್ದೆನಲ್ಲ."

ಅಕ್ಕ ಫೋನಿನಲ್ಲಿ ಹುಡುಕಿದಳು. ಇತ್ತು. "ಅಕ್ಕ, ಅಮ್ಮ ಇನ್ನಿಲ್ಲ." ಅದರ ಕೆಳಗೆ ಅವಳದೇ ಉತ್ತರ: ಉದಯಿಸುವ ಸೂರ್ಯನ ಚಿತ್ರ, ಎತ್ತಿದ ಹೆಬ್ಬೆರಳು, "ಇವತ್ತು ನಿನ್ನ ದಿನ, ನುಗ್ಗು!" ದಿನಾ ಆರೂ ಜನರಿಗೆ ಒಟ್ಟಿಗೆ ಕಳಿಸುತ್ತಿದ್ದ ಮಾತದು, ಬಂದದ್ದನ್ನು ಓದದೆಯೇ ಕಳಿಸಿದ್ದಳು. ಅಷ್ಟೇ ಆಗಿದ್ದರೂ ಹೇಗೋ ಸಹಿಸಬಹುದಿತ್ತು. ಒಂಬತ್ತು ದಿನವೂ ಫೋನು ಮಾಡಿ ಮಾತಾಡಿದ್ದಾಳೆ, ತಾನೊಬ್ಬಳೇ! ಹೇಗಿದ್ದೀಯ ಎಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು.

ಎರಡು ಬಸ್ಸು ಬದಲಿಸಿ ಬಟನ್ ಮನೆಗೆ ಹೋದಳು. ಮೂರನೇ ಮಹಡಿಯ ಒಂದೇ ಕೋಣೆ. ಅಮ್ಮನ ಮಂಚದ ಹಾಸಿಗೆ ಸುತ್ತಿಟ್ಟಿತ್ತು, ಕಿಟಕಿಯ ಅಂಚಿನಲ್ಲಿ ದಪ್ಪ ಗಾಜಿನ ಕನ್ನಡಕವಿತ್ತು. ಮಂಚದ ಕೆಳಗೆ ಕಂಪನಿಯ ಎರಡು ಪೆಟ್ಟಿಗೆ, ಟೇಪು ಕೂಡ ಬಿಚ್ಚಿರಲಿಲ್ಲ.

"ಯಾವ ಮುಖ ಇಟ್ಕೊಂಡು ನಿನ್ನ ಹತ್ರ ಮಾತಾಡ್ಲಿ" ಎಂದಳು ಅಕ್ಕ.

"ಸಿಟ್ಟೇನಿಲ್ಲ ಅಕ್ಕ." ಬಟನ್ ನೀರು ಕೊಟ್ಟು, ಒಂದು ಹಾಳೆ ಮತ್ತು ಪೆನ್ನು ತಂದು ಕೂತಳು. "ಹಳೇ ಚೀಟಿ ಇನ್ನು ನಡೆಯಲ್ಲ ಅಲ್ವಾ. ಹೊಸದು ಬರೆದುಕೊಡ್ತೀನಿ. ಏನು ಬರೀಲಿ, ನೀವೇ ಹೇಳಿ."

ಅಕ್ಕನ ನಾಲಿಗೆಯ ತುದಿಯಲ್ಲೇ ಇತ್ತು ಮಾತು. ಅಮ್ಮನ ಹೆಸರಲ್ಲಿ ಗೆಲ್ತೀನಿ ಅಂತ ಬರಿ. ಬಸ್ಸಿನಲ್ಲೇ ಅದು ಹೊಳೆದಿತ್ತು, ಇಂಥದ್ದೆಲ್ಲ ಅವಳಿಗೆ ತಾನಾಗಿ ಹೊಳೆಯುತ್ತದೆ. ಹಾಗೆ ಹೇಳಿದ್ದರೆ ಬಟನ್ ಬರೆಯುತ್ತಿದ್ದಳು, ಉಳಿಯುತ್ತಿದ್ದಳು, ಪಿನ್ನು ಬರುತ್ತಿತ್ತು.

"ಮೊದಲು ಇದು ಹೇಳು" ಎಂದಳು ಅಕ್ಕ. "ನಿನಗೆ ಈ ಕೆಲಸ ಬೇಕಾ?"

ಬಟನ್ ಪೆನ್ನಿನ ಮುಚ್ಚಳ ಹಾಕಿ ತೆಗೆದಳು. "ಬೇಡಕ್ಕ. ಒಬ್ಬರ ಮನೆ ಬಾಗಿಲು ತಟ್ಟೋಕೆ ನನ್ನ ಕೈಲಾಗಲ್ಲ. ಆದ್ರೆ ಬಿಟ್ರೆ ನೀವು ನಂಬರ್ ಅಳಿಸಿಬಿಡ್ತೀರಲ್ಲ. ಬೆಳಿಗ್ಗೆ ನನ್ನನ್ನ ಮಾತಾಡಿಸೋರು ಅಂತ ಉಳಿದಿರೋದು ನೀವೊಬ್ರೇ."

ಅಕ್ಕ ಕಿಟಕಿಯ ಅಂಚಿನ ಕನ್ನಡಕವನ್ನೊಮ್ಮೆ ನೋಡಿದಳು. ಆಮೇಲೆ ಚೀಲದಲ್ಲಿದ್ದ ಕಂಪನಿ ಕಾಗದಗಳ ನಡುವಿನಿಂದ ಸದಸ್ಯತ್ವ ಬಿಡುವ ಅರ್ಜಿ ತೆಗೆದು, ತಾನೇ ತುಂಬಿ, ಬಟನ್ ಕೈಲಿ ಸಹಿ ಹಾಕಿಸಿ, ಕೆಳಗೆ ತನ್ನ ಸಹಿ ಹಾಕಿದಳು. ಎರಡೂ ಪೆಟ್ಟಿಗೆಗಳನ್ನು ಮೂರು ಮಹಡಿ ಇಳಿಸಿ ಹೊತ್ತು ತಂದಳು. ಸೊಂಟ ಚುಳ್ಳೆಂದಿತು.

ಅರ್ಜಿಯ ಸುದ್ದಿ ತಲುಪಿ ಸಂಜೆ ಮೇಡಂ ಫೋನು ಬಂತು. "ಎಂಟು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ? ಹೋಗ್ಲಿ, ನಂಬರ್ ಅಳಿಸಿದ್ರಾ?"

"ಹೂಂ" ಎಂದಳು ಅಕ್ಕ. ಕಡುನೀಲಿ ಉಡುಪನ್ನು ಮಡಿಸಿ ಬೀರುವಿನ ತಳಕ್ಕೆ ಹಾಕುವಾಗ ಅವಳಿಗೆ ಅಳು ಬಂತು. ನಾಲ್ಕು ವರ್ಷದ ಆಸೆ, ಬರದೆ ಇರುತ್ತದೆಯೇ?

ಮರುದಿನ ಆರಕ್ಕೆ ಮೊದಲ ಫೋನನ್ನು ಬಟನ್‌ಗೇ ಮಾಡಿದಳು. ಅರ್ಧ ರಿಂಗಿಗೇ ಆ ಕಡೆ ಎತ್ತಿದ್ದಾಯಿತು. ಅಕ್ಕನ ಕೈಲಿ ಚೀಟಿಯಿರಲಿಲ್ಲ, ಬಾಯಲ್ಲಿ ಭಾಷಣವಿರಲಿಲ್ಲ.

"ಎದ್ದಿದ್ದೀಯಾ?"

"ಹೂಂ."

ಅಕ್ಕ ಸುಮ್ಮನಿದ್ದಳು. ಗಂಡ ಬೂಟು ಹಾಕಿಕೊಂಡು, ಇವತ್ತೇನು ಇವಳ ಬಾಯಿ ಕಟ್ಟಿದೆ ಎಂದು ಅಚ್ಚರಿಯಿಂದ ನೋಡಿ, ಬಾಗಿಲು ಎಳೆದುಕೊಂಡು ಹೋದ. ಆ ಕಡೆಯಿಂದ ಮೊದಲು ಉಸಿರು ಕೇಳಿಸಿತು, ಆಮೇಲೆ ಬಿಕ್ಕು. ಹತ್ತು ದಿನದ ಅಳು, ಒಂದೇ ಸಮನೆ ಬಂತು.

"ಅಳು. ನಾನಿಲ್ಲೇ ಇದ್ದೀನಿ" ಎಂದಳು ಅಕ್ಕ.

ಉಳಿದ ಐವರಿಗೆ ಅವತ್ತು ಅವಳ ಫೋನು ಬಂದಾಗ ಏಳು ಗಂಟೆಯಾಗಿತ್ತು.