ಬಾಗಿಲಿಗೆ ಕಟ್ಟಿದ ಹಲಗೆ

ನರ್ಸ್ ಕೆಲಸಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದ ಎರಡನೇ ವಾರ. ಬಾಗಿಲು ತೆಗೆದರೆ ಹಿಡಿಕೆಗೆ ಮರದ ಹಲಗೆಯೊಂದು ನೇತಾಡುತ್ತಿತ್ತು. ಮನೆ ಖಾಲಿ ಮಾಡು ಎಂದೇ ಬರೆದಿದ್ದಾರೆಂದು ಹೆದರಿದೆ. ಕೆಳಗಿನ ಮನೆಯ ಅಜ್ಜಿ ಬಂದು ಕೈಗೆ ಪೊರಕೆ ಕೊಟ್ಟರು. ಅದು 'ಕೇರ್‌ವೋಖೆ', ಗುಡಿಸುವ ಸರದಿಯ ವಾರ. ಹಲಗೆ ಯಾರ ಬಾಗಿಲಲ್ಲಿದೆಯೋ ಅವರು ಮನೆ ಮುಂದಿನ ದಾರಿ ಗುಡಿಸಬೇಕು. ಮಳೆನೀರು ಇಳಿಯುವ ರಸ್ತೆಯಂಚಿನ ಕಬ್ಬಿಣದ ಜಾಲರಿಗೆ ಇಲ್ಲಿ 'ಗುಲ್ಲಿ' ಎನ್ನುತ್ತಾರೆ. ಅದರ ಮೇಲಿನ ಎಲೆ ಬಾಚಬೇಕು. ಒಂದೇ ಒಂದು ಎಲೆ ಒಳಗೆ ತಳ್ಳಿದ್ದಕ್ಕೆ ಅಜ್ಜಿಯಿಂದ ಬೈಸಿಕೊಂಡೆ. ಭಾಷೆ ಸರಿಯಾಗಿ ಬಾರದ ಊರಲ್ಲಿ ನಾನು ಕಲಿತ ಮೊದಲ ವಿದ್ಯೆ ಅದು. ಜೊತೆಗೆ ಸೊಕ್ಕೂ ಬಂತು.

ಆ ಸೊಕ್ಕಿನಲ್ಲೇ ರಜೆಗೆ ನನ್ನೂರು ಹರಪನಹಳ್ಳಿಗೆ ಹೋದೆ. ಅಕ್ಕನ ಓಣಿಯಲ್ಲಿ ಮಳೆ ಬಂದರೆ ಮೊಣಕಾಲುದ್ದ ನೀರು. ಎಲ್ಲರಿಗೂ ಕಾಣಲಿ ಎಂದು ಬಾಗಿಲಗಲದ ಹಲಗೆ ಮಾಡಿಸಿ ಅಕ್ಕನ ಮನೆಗೇ ಕಟ್ಟಿದೆ. "ವಾರಕ್ಕೊಂದು ಮನಿಯವ್ರು ಚರಂಡಿ ನೋಡ್ಕೊಳ್ರಿ" ಅಂದೆ.

"ಜರ್ಮನಿಗೆ ಹೋಗಿ ಕಸ ಹೊಡೆಯಾದು ಕಲ್ತು ಬಂದ್ಯೇನೇ?" ಅಕ್ಕ ನಕ್ಕಳು. "ಚರಂಡಿ ಬಿಡಿಸಿದ್ರ ನೀರು ಎಲ್ಲಿಗೆ ಹೋಗಬೇಕು, ಮೊದ್ಲು ಅದನ್ನ ಹೇಳು."

"ಕೆರಿಗೆ ಹೋಗತೈತಿ." ನಾನು ಚಿಕ್ಕವಳಿದ್ದಾಗ ಹೋಗುತ್ತಿತ್ತು.

ನಗುತ್ತಲೇ ಓಣಿಯವರೆಲ್ಲ ಬಂದರು. ಚಪ್ಪಡಿ ಎತ್ತಿ ದಿನವಿಡೀ ಹೂಳು ತೆಗೆದೆವು. ಮೂರನೇ ದಿನ ಮಳೆ ಹೊಡೆಯಿತು. ಓಣಿಯಲ್ಲಿ ಹನಿ ನೀರು ನಿಲ್ಲಲಿಲ್ಲ, ನಾನು ಕುಣಿದೇಬಿಟ್ಟೆ. ಆದರೆ ಕೆಳಗಿನ ತಿರುವಿನಲ್ಲಿ ಕೆರೆಗೆ ಹೋಗುವ ಕಾಲುವೆಯ ಮೇಲೆಯೇ ಅಂಗಡಿಗಳು ಎದ್ದಿದ್ದವು. ನೀರು ಆ ಗೋಡೆಗೆ ಬಡಿದು, ಬಟ್ಟೆ ಹೊಲಿದು ಬದುಕುವ ಮಾಬೂಬಮ್ಮನ ಮನೆಗೆ ನುಗ್ಗಿತ್ತು. ಇಷ್ಟು ವರ್ಷ ಅವರನ್ನು ಕಾಪಾಡಿದ್ದು ನಮ್ಮ ಓಣಿಯ ಹೂಳೇ.

ಓಡಿಹೋದೆ. ಹೊಲಿಗೆ ಯಂತ್ರದ ಮೋಟಾರು ಕೆಸರಲ್ಲಿತ್ತು. ಯಾರದೋ ಮದುವೆ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮಾಬೂಬಮ್ಮ ಮಂಚದ ಮೇಲೆ ಕೂತಿದ್ದರು.

"ಒಳ್ಳೇದು ಮಾಡಾಕ ಹೋಗೀಯ ಬೇಟಿ, ನಿಂದೇನು ತಪ್ಪೈತಿ?" ಅಂದರು. ಗಂಟನ್ನು ಸರಿಮಾಡಿಕೊಳ್ಳುತ್ತಾ ಕೇಳಿದರು, "ನೀ ವಾಪಸ್ ಹೋಗಾದು ಯಾವಾಗ?"

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪ್ರಶ್ನೆ ಇಂದಿಗೂ ಚುಚ್ಚುತ್ತದೆ. ನಾನು ಹೊರಡುವ ಮೊದಲೇ ಓಣಿಯವರು ಚರಂಡಿಗೆ ಮತ್ತೆ ಮಣ್ಣು ತುಂಬಿದರು. ಒಂದು ಬುಟ್ಟಿ ನಾನೂ ಹೊತ್ತೆ.

ಮೊನ್ನೆ ಅಕ್ಕ ಫೋನಿನಲ್ಲಿ ಹೇಳಿದಳು: "ನಿನ್ನ ಹಲಗಿ ಮಾಬೂಬಮ್ಮ ಇಸ್ಕೊಂಡು ಹೋಗ್ಯಾಳ. ನೀರು ಒಳಗ ಬರದಂಗ ಹೊಸ್ತಿಲಿಗೆ ಅಡ್ಡ ಇಡಾಕಂತ. ನೀ ಮತ್ತ ರಜಾಕ್ಕ ಬಂದ್ರ ಬೇಕಾಗತೈತಂತ." ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಈ ವಾರ ಇಲ್ಲಿನ ಹಲಗೆ ನನ್ನ ಬಾಗಿಲಲ್ಲಿದೆ. ಮಳೆ ಬರುತ್ತಿದೆ. ಎಲೆ ಬಾಚಿದೆ, ನೀರು ಗುಳುಗುಳು ಇಳಿಯಿತು. ಇದು ನನ್ನೂರಲ್ಲ. ನನ್ನೂರಲ್ಲಿ ನಾನು ಪೊರಕೆ ಮುಟ್ಟುವ ಹಾಗಿಲ್ಲ.