ಹೆಂಗಸರ ಬೀದಿಗೆ ನಾಲ್ಕು ದಿನ

ನಮ್ಮನೆಯವರು ಕೆನಡಾದ ಓಕ್‌ವಿಲ್‌ನ ಕಾರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೊದಲ ಚಳಿಗಾಲದಲ್ಲಿ ನಡೆದದ್ದು ಇದು. ಎರಡು ವರ್ಷವಾಯಿತು. ನಾರ್ತ್ ಯಾರ್ಕ್‌ನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದ ನಾನು ಅದಕ್ಕೆ ಸ್ವಲ್ಪ ಮೊದಲೇ ಕೆಲಸ ಬಿಟ್ಟಿದ್ದೆ. ರಿಚ್ಮಂಡ್ ಹಿಲ್‌ನ ನಮ್ಮ ಮನೆಯಲ್ಲಿ ನಾವಿಬ್ಬರೂ ಹಗಲು ಹೊತ್ತಿನಲ್ಲಿ ಎದುರುಬದುರು ಕೂತು ಕಾಫಿ ಕುಡಿದದ್ದು ಆ ವರ್ಷವೇ ಮೊದಲು.

ನನಗೊಂದು ಆಸೆಯಿತ್ತು. ಕ್ಲಿನಿಕ್ಕಿಗೆ ಬರುತ್ತಿದ್ದ ಯಾವುದೋ ಪತ್ರಿಕೆಯಲ್ಲಿ ಬಹಳ ಹಿಂದೆ ಒಂದು ಬೀದಿಯ ಚಿತ್ರ ನೋಡಿದ್ದೆ. ಕೆರಿಬಿಯನ್ ಕಡೆಯ ಡೊಮಿನಿಕನ್ ರಿಪಬ್ಲಿಕ್ ದೇಶದ ರಾಜಧಾನಿ ಸಾಂತೊ ಡೊಮಿಂಗೊದ ಬೀದಿ ಅದು. ಐನೂರು ವರ್ಷದ ಹಿಂದೆ ಸ್ಪೇನಿನವರು ಕಲ್ಲು ಹಾಸಿ ಮಾಡಿದ್ದು. ಎರಡೂ ಕಡೆ ಹಳೆಯ ಕಲ್ಲಿನ ಮನೆಗಳು, ಗೋಡೆಯ ಮೇಲೆ ಸಂಜೆಯ ಬಿಸಿಲು. ಅರಮನೆಯ ಹೆಂಗಸರು ಸಂಜೆ ಹೊತ್ತು ಅಲ್ಲಿ ಅಡ್ಡಾಡುತ್ತಿದ್ದರಂತೆ, ಹಾಗಾಗಿ ಅದರ ಹೆಸರೇ ಹೆಂಗಸರ ಬೀದಿ. ಯಾರಿಗೂ ಹೇಳದೆ ಆ ಪುಟ ಹರಿದು ತಂದು ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟುಕೊಂಡೆ. ಕಿಟಕಿಯಾಚೆ ಹಿಮ ಸುರಿಯುವಾಗ ತೆಗೆದು ನೋಡುತ್ತಿದ್ದೆ. ಒಂದು ಸಂಜೆ ನಾನೂ ಇವರೂ ಆ ಬೀದಿಯಲ್ಲಿ ಪಕ್ಕಪಕ್ಕದಲ್ಲಿ ನಡೆಯಬೇಕು, ಅಷ್ಟೇ ನನ್ನ ಆಸೆ.

ಪಕ್ಕಪಕ್ಕದಲ್ಲಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮನೆಯವರು ಎಲ್ಲಿಗೆ ಹೋದರೂ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಅಂಗಡಿಯಿರಲಿ, ದೇವಸ್ಥಾನವಿರಲಿ, ಏರ್‌ಪೋರ್ಟ್ ಇರಲಿ, ನಾನು ಇವರ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದೇನೆ. ಮದುವೆಯಾದ ಹತ್ತನೇ ದಿನಕ್ಕೆ ಇವರು ಕೆನಡಾಕ್ಕೆ ಹೊರಟರು. ನಾನು ಬಂದದ್ದು ವರ್ಷದ ಮೇಲೆ. ಆಮೇಲೆ ಸಿಕ್ಕ ರಜೆಯೆಲ್ಲ ಮೈಸೂರಿಗೇ ಮೀಸಲು. ನಾದಿನಿಯ ಮದುವೆ, ಮೈದುನನ ಗೃಹಪ್ರವೇಶ, ಅವರ ಮಕ್ಕಳ ನಾಮಕರಣ. ಸೂಟ್‌ಕೇಸಿನಲ್ಲಿ ನಮ್ಮ ಬಟ್ಟೆಗಿಂತ ಬೇರೆಯವರ ಸಾಮಾನೇ ಜಾಸ್ತಿ. ಇಷ್ಟು ವರ್ಷದಲ್ಲಿ ಎರಡು ದಿನದ ಮಟ್ಟಿಗೂ ನಾವಿಬ್ಬರೇ ಎಲ್ಲಿಗೂ ಹೋದದ್ದಿಲ್ಲ.

ಜನವರಿಯಲ್ಲಿ ಒಂದು ದಿನ ಧೈರ್ಯ ಮಾಡಿ ಆ ಪುಟವನ್ನು ಇವರ ಮುಂದಿಟ್ಟೆ.

"ಏನಿದೆಯೇ ಅಲ್ಲಿ?" ಎಂದರು.

"ಬೀದಿ ಇದೆ."

"ಬೀದಿ ನೋಡೋಕೆ ಪ್ಲೇನ್ ಹತ್ಬೇಕಾ? ಇಲ್ಲೇ ಯಂಗ್ ಸ್ಟ್ರೀಟ್ ಇಲ್ವಾ? ನಡಿ, ಎಷ್ಟು ಬೇಕೋ ಅಷ್ಟು ನೋಡ್ಕೋ."

ಹೀಗೆ ರೇಗಿಸಿದರೂ ಕೊನೆಗೆ ಒಪ್ಪಿಕೊಂಡರು. ನಾನು ಹೊಸದೊಂದು ನೋಟ್‌ಬುಕ್ ತೆಗೆದೆ. ಮಾರ್ಚ್‌ನಲ್ಲಿ ನಾಲ್ಕು ದಿನ, ಒಬ್ಬೊಬ್ಬರಿಗೆ ಒಂದೊಂದೇ ಸಣ್ಣ ಬ್ಯಾಗು. ಹಳೆಯ ಊರಿನೊಳಗೇ, ಅಂಗಳವಿರುವ ಒಂದು ಪುಟ್ಟ ಹೋಟೆಲು. ಮೊದಲ ದಿನ ಚರ್ಚು, ಎರಡನೆಯ ದಿನ ನದಿಯ ಪಕ್ಕದ ಕೋಟೆ. ನಾಲ್ಕೂ ದಿನದ ಸಂಜೆಯ ಎದುರಿಗೆ ಒಂದೇ ಪದ ಬರೆದೆ: ಬೀದಿ. ಇವರೂ ದಿನ ಬೆಳಗಾದರೆ ಫೋನಿನಲ್ಲಿ ನೋಡಿ "ಅಲ್ಲಿ ಇವತ್ತು ಇಪ್ಪತ್ತೆಂಟು ಡಿಗ್ರಿ ಕಣೇ" ಎಂದು ವರದಿ ಒಪ್ಪಿಸತೊಡಗಿದರು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕೆಟ್ಟದ್ದು ದೇವಸ್ಥಾನದ ಊಟದ ಸಾಲಿನಲ್ಲಿ. ಭಾನುವಾರ ತಟ್ಟೆ ಹಿಡಿದು ನಿಂತಿದ್ದಾಗ ಇವರು ಗೆಳೆಯ ಮೂರ್ತಿಯವರಿಗೆ ಹೆಮ್ಮೆಯಿಂದ ನಮ್ಮ ಪ್ರವಾಸದ ವಿಷಯ ಹೇಳಿದರು. ಅಷ್ಟಕ್ಕೇ ನಿಲ್ಲಿಸಬೇಕೋ ಬೇಡವೋ? "ನೀವೂ ಬನ್ರಲ್ಲಾ!" ಅಂದುಬಿಟ್ಟರು.

ನಮ್ಮ ಜನಕ್ಕೆ ಇದೊಂದು ಅಭ್ಯಾಸ. ಎಲ್ಲಿಗೆ ಹೊರಟರೂ ಎದುರಿದ್ದವರನ್ನು ನೀವೂ ಬನ್ನಿ ಅನ್ನಬೇಕು, ಅವರು ಪರವಾಗಿಲ್ಲ, ನೀವು ಹೋಗಿಬನ್ನಿ ಅನ್ನಬೇಕು. ಉಪಚಾರ ಮುಗಿಯಿತು. ಆದರೆ ಮೂರ್ತಿಯವರು ಹಾಗನ್ನಲಿಲ್ಲ. "ಅರೆ, ಒಳ್ಳೇ ಐಡಿಯಾ ಕಣ್ರೀ!" ಎಂದು ಹಿಂದೆ ತಿರುಗಿ ಹೆಂಡತಿಯನ್ನು ಕೂಗಿದರು. ಪಾಯಸ ಬಡಿಸುವಷ್ಟರಲ್ಲಿ ಆರು ಜನ. ವಾರ ಕಳೆಯುವಷ್ಟರಲ್ಲಿ ಹನ್ನೊಂದು ಜನ, ಒಂದು ವಾಟ್ಸಾಪ್ ಗ್ರೂಪು, ಅದಕ್ಕೆ "ಕೆರಿಬಿಯನ್ ಕನ್ನಡಿಗರು" ಅಂತ ಹೆಸರು. ರೈಸ್ ಕುಕ್ಕರ್ ಯಾರು ತರುವುದು, ಚಟ್ನಿಪುಡಿ ಎಷ್ಟು ಬೇಕು ಎಂದು ದಿನವಿಡೀ ಮೆಸೇಜು. ಗ್ರೂಪು ಶುರುವಾದ ನಾಲ್ಕನೆಯ ದಿನಕ್ಕೆ ನಾವು ಹೋಗಬೇಕಿದ್ದ ಊರೂ ಬದಲಾಯಿತು. ಸಮುದ್ರದ ದಡದ ರೆಸಾರ್ಟಿನಲ್ಲಿ ಊಟ, ವಸತಿ ಎಲ್ಲ ಸೇರಿರುತ್ತದೆ, ಅಲ್ಲೇ ಇರೋಣ. ಬೇಕಾದವರು ಒಂದು ದಿನ ಬಸ್ಸಿನಲ್ಲಿ ಹೋಗಿ ಹಳೇ ಊರು ನೋಡಿಕೊಂಡು ಬರಲಿ ಎಂದು ತೀರ್ಮಾನವಾಯಿತು.

"ನೀವ್ಯಾಕ್ರೀ ಕರೆದ್ರಿ?" ಎಂದು ಇವರ ಮೇಲೆ ಹಾರಿಬಿದ್ದೆ.

"ಬಾಯಿಮಾತಿಗೆ ಅಂದೆ ಕಣೇ. ಅವ್ರು ನಿಜವಾಗ್ಲೂ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು? ಈಗ ಬೇಡ ಅನ್ನೋಕಾಗುತ್ತಾ?"

ಎರಡು ದಿನ ನಾನು ಇವರ ಜೊತೆ ಮಾತಾಡಲಿಲ್ಲ. ನೋಟ್‌ಬುಕ್ಕನ್ನೂ ಆ ಪುಟವನ್ನೂ ಡ್ರಾಯರಿನ ತಳಕ್ಕೆ ತುರುಕಿದೆ.

ಫೆಬ್ರವರಿಯ ಒಂದು ಶನಿವಾರ, ಟಿಕೆಟ್ ಬುಕ್ ಮಾಡಲೆಂದು ಎಲ್ಲರೂ ಮಧ್ಯಾಹ್ನ ನಮ್ಮ ಮನೆಗೇ ಬಂದರು. ಬಿಸಿಬೇಳೆಬಾತ್ ಮಾಡಿದ್ದೆ. ತುಪ್ಪ ಕಾಯಿಸುತ್ತಿದ್ದಾಗ ಪದ್ಮಕ್ಕ ಒಳಗೆ ಬಂದರು. ಅವರು ನನಗಿಂತ ಐದಾರು ವರ್ಷ ದೊಡ್ಡವರು, ನಾನು ಕೆನಡಾಕ್ಕೆ ಬಂದ ಹೊಸದರಲ್ಲಿ ಬೂಟು, ಕೋಟು ಕೊಡಿಸಿದವರು. ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಆ ಹನ್ನೊಂದು ಜನರಲ್ಲಿ ಅವರೂ ಒಬ್ಬರು.

"ಯಾಕೇ ವಿಮಲಾ, ಮುಖ ಹಿಂಗಿದೆ?" ಎಂದರು.

ಅಷ್ಟು ಕೇಳಿದ್ದೇ ತಡ, ನನ್ನ ಬಾಯಿಗೆ ತಡೆಯೇ ಇಲ್ಲದಂತಾಯಿತು. ಬೀದಿಯ ಕತೆ, ಹರಿದ ಪುಟ, ಇವರ ನಾಲ್ಕು ಹೆಜ್ಜೆ, ಎಲ್ಲ ಹೇಳಿದೆ. "ಒಂದೇ ಒಂದು ಸಂಜೆ ಪಕ್ಕದಲ್ಲಿ ನಡೀಬೇಕು ಅಂತಿತ್ತು ಅಕ್ಕಾ. ಈ ಮನುಷ್ಯ ಯಾವಾಗ್ಲೂ ನನ್ನ ಬಿಟ್ಟು ಮುಂದೆ ಹೋಗ್ತಾರೆ" ಎನ್ನುವಾಗ ಅಳುವೇ ಬಂತು. ಅರವತ್ತು ದಾಟಿದವಳು ಇಂಥದ್ದಕ್ಕೆ ಅತ್ತೆನಲ್ಲ ಎಂದು ನಾಚಿಕೆಯೂ ಆಯಿತು.

ಪದ್ಮಕ್ಕ ಸ್ಟವ್ ಆರಿಸಿದರು. "ಮುಂದೆ ಹೋಗಿ ಏನು ಮಾಡ್ತಾನೆ, ನೋಡಿದೀಯಾ?" ಎಂದರು.

"ಏನು ಮಾಡ್ತಾರೆ?"

"ಕಾರು ಸ್ಟಾರ್ಟ್ ಮಾಡ್ತಾನೆ. ಗಾಜಿನ ಮೇಲಿನ ಐಸ್ ಕೆರೀತಾನೆ. ನೀನು ಬಂದು ಕೂತ್ಕೊಳ್ಳೋಷ್ಟ್ರಲ್ಲಿ ಸೀಟು ಬೆಚ್ಚಗಿರುತ್ತೆ, ಅಲ್ವಾ? ನಮ್ಮವರೂ ಹಂಗೇ ಕಣೇ. ನಾನೂ ನಿನ್ನ ಹಾಗೇ ಬೈತಿದ್ದೆ, ಅದೇನು ಓಡ್ತೀರಿ ಅಂತ. ಎರಡು ಚಳಿಗಾಲ ಆಯ್ತು, ನಾನು ತಣ್ಣಗಿರೋ ಸೀಟಲ್ಲಿ ಕೂತ್ಕೋತಿದೀನಿ."

ಇಷ್ಟು ವರ್ಷ ಆ ಬೆಚ್ಚಗಿನ ಸೀಟಿನಲ್ಲಿ ಕೂತವಳು ನಾನು. ಅದು ತಾನಾಗಿಯೇ ಬೆಚ್ಚಗಿರುತ್ತದೆ ಎಂದುಕೊಂಡಿದ್ದೆನೋ ಏನೋ, ದೇವರಿಗೇ ಗೊತ್ತು.

ಪದ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ತುಪ್ಪದ ಬಟ್ಟಲು ಹಿಡಿದು ಎಲ್ಲರೂ ಕೂತಿದ್ದ ಹಾಲ್‌ಗೆ ಹೋದರು. "ನೋಡ್ರಪ್ಪಾ, ನಾವೆಲ್ಲ ರೆಸಾರ್ಟ್‌ಗೆ ಹೋಗೋಣ. ಇವರಿಬ್ಬರು ಬರಲ್ಲ. ಇವರದು ಹನಿಮೂನ್ ಬಾಕಿ ಇದೆಯಂತೆ, ಆ ಹಳೇ ಊರಲ್ಲಿ ಮುಗಿಸ್ಕೊಂಡು ಬರ್ಲಿ" ಎಂದು ಗಟ್ಟಿಯಾಗಿ ಸಾರಿದರು.

ಅಯ್ಯೋ ರಾಮ! ಮನೆಯೆಲ್ಲ ನಗುವೋ ನಗು. ಮೂರ್ತಿಯವರು ಚಪ್ಪಾಳೆ ತಟ್ಟಿದರು. ನಮ್ಮನೆಯವರ ಮುಖ ಕೆಂಪಾಯಿತು. ನಾನು ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಹೊರಡುವಾಗ ಪದ್ಮಕ್ಕ ನನ್ನ ಕೈ ಹಿಡಿದು, "ಒಂದು ಫೋಟೋ ತಗೊಂಡು ಬಾ" ಎಂದರು.

ಮಾರ್ಚ್‌ನಲ್ಲಿ ನಾವಿಬ್ಬರೇ ಹೋದೆವು. ಮೊದಲ ಸಂಜೆಯೇ ಹೆಂಗಸರ ಬೀದಿಗೆ ಬಂದೆವು. ಚಿತ್ರದಲ್ಲಿದ್ದಂತೆಯೇ ಇತ್ತು, ಬಿಸಿಲು ಗೋಡೆಗಳ ಮೇಲೆ ಅದೇ ಬಣ್ಣದಲ್ಲಿ ಬಿದ್ದಿತ್ತು. ಇವರು ಪಾಪ, ಯಾರೋ ಹೇಳಿಕೊಟ್ಟವರಂತೆ ನನ್ನ ಪಕ್ಕದಲ್ಲೇ ಹೆಜ್ಜೆ ಹಾಕಿದರು. ಇಪ್ಪತ್ತು ಹೆಜ್ಜೆ ಇರಬಹುದು. ಆಮೇಲೆ ಅಭ್ಯಾಸಬಲ, ನಿಧಾನಕ್ಕೆ ಒಂದು ಹೆಜ್ಜೆ ಮುಂದೆ, ಎರಡು, ಮೂರು, ನಾಲ್ಕು. ಬೆಚ್ಚಗೆ ಮಾಡಲು ಅಲ್ಲಿ ಕಾರೂ ಇಲ್ಲ, ಚಳಿಯೂ ಇಲ್ಲ.

ರೀ ಎಂದು ಕೂಗಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಎಡಕ್ಕೆ ವಾಲುವ ಭುಜ, ಹಿಂದಲೆಯ ಬಿಳಿ ಕೂದಲು, ಬೆನ್ನ ಹಿಂದೆ ಕಟ್ಟಿಕೊಂಡ ಕೈಗಳು. ಈ ಬೆನ್ನು ಕಣ್ಣ ಮುಂದೆ ಇಲ್ಲದಂಥ ಒಂದು ಬೀದಿಯನ್ನು ನೆನೆಸಿಕೊಂಡೆ. ಫೋನ್ ತೆಗೆದು ಫೋಟೋ ಹೊಡೆದುಕೊಂಡೆ.

ಮನೆಗೆ ಬಂದು ಅದನ್ನೇ ಪ್ರಿಂಟ್ ಹಾಕಿಸಿ ಫ್ರಿಜ್ಜಿಗೆ ಅಂಟಿಸಿದ್ದೇನೆ. ಬಂದವರೆಲ್ಲ "ಇದೇನ್ರೀ, ಮುಖಾನೇ ಇಲ್ಲ!" ಎಂದು ನಗುತ್ತಾರೆ. ಪದ್ಮಕ್ಕ ಮಾತ್ರ ನಗಲಿಲ್ಲ. ಫೋಟೋದ ಹತ್ತಿರ ಬಂದು, "ನಮ್ಮವರದು ಇಂಥದ್ದೊಂದು ಇಲ್ವಲ್ಲೇ" ಎಂದರು.

ಅವತ್ತು ಅವರು ಹೊರಡುವ ಹೊತ್ತಿಗೆ ಹಿಮ ಶುರುವಾಗಿತ್ತು. ಕೋಟು ಹಾಕಿಕೊಂಡು ಅವರ ಕಾರಿನ ಕೀ ಇಸಿದುಕೊಂಡೆ. "ನೀವು ನಿಧಾನಕ್ಕೆ ಬನ್ನಿ ಅಕ್ಕಾ" ಎಂದು ಹೇಳಿ ನಾಲ್ಕು ಹೆಜ್ಜೆ ಮುಂದೆ ಹೋದೆ.